ಕೊನೆಯ ಮರಿಗೆ ಗುಂಡು ಹೊಡೆಯದ ಆಟ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮಕ್ಕಳು ಮತ್ತು ವಿಡಿಯೊ ಗೇಮ್‌ಗಳ ಕುರಿತು ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಮಕ್ಕಳು ಪರದೆಯ ಮುಂದೆ ಕಳೆಯುವ ಹೊತ್ತಿನ ಬಗ್ಗೆ ಲೇಖಕರಿಗಿರುವ ಆತಂಕ ನನಗೂ ಇದೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿರುವ ನಾನು ಬೆಳಗಿನ ಮೊದಲ ತರಗತಿಯಲ್ಲಿ ನಿದ್ದೆಗಣ್ಣಿನ ಮುಖಗಳನ್ನು ದಿನವೂ ನೋಡುತ್ತೇನೆ. ಆದರೆ ಗುಂಡು ಹಾರಿಸುವ ಆಟ ಯಾವುದೇ ಇರಲಿ, ಅದು ಕೊಲ್ಲುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಾರದು ಎಂಬ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಇಡೀ ಲೇಖನದಲ್ಲಿ ಒಂದೇ ಒಂದು ಆಟದ ಹೆಸರಿಲ್ಲ, ಅದನ್ನು ರೂಪಿಸಿದವರ ಹೆಸರಿಲ್ಲ, ಅದರ ಕೊನೆ ಏನಾಗುತ್ತದೆಂಬ ಮಾತಿಲ್ಲ. ಕಾದಂಬರಿಯೊಂದನ್ನು ಓದದೆ, ನಾಟಕವೊಂದನ್ನು ನೋಡದೆ ಅದರ ಮೇಲೆ ತೀರ್ಪು ಬರೆದರೆ ನಿಮ್ಮ ಪತ್ರಿಕೆ ಪ್ರಕಟಿಸುವುದಿಲ್ಲ. ಆದ್ದರಿಂದ ಕೊನೆಯವರೆಗೂ ಆಡಿ ನಾನು ಬಲ್ಲ ಒಂದು ಆಟದ ಬಗ್ಗೆ ತುಸು ವಿಸ್ತಾರವಾಗಿ ಬರೆಯಲು ಅವಕಾಶ ಕೋರುತ್ತೇನೆ.

ಆ ಆಟದ ಹೆಸರು ‘ಮೆಟ್ರಾಯ್ಡ್ 2: ರಿಟರ್ನ್ ಆಫ್ ಸೇಮಸ್’. ಜಪಾನಿನ ನಿಂಟೆಂಡೊ ಕಂಪನಿಯವರು ತಮ್ಮ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ ಇದನ್ನು ರೂಪಿಸಿ, 1991ರ ನವೆಂಬರಿನಲ್ಲಿ ಅಮೆರಿಕದಲ್ಲಿಯೂ 1992ರ ಜನವರಿಯಲ್ಲಿ ಜಪಾನಿನಲ್ಲಿಯೂ ಬಿಡುಗಡೆ ಮಾಡಿದರು. ದುಬೈನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ 1993ರ ಬೇಸಿಗೆ ರಜೆಗೆ ಊರಿಗೆ ಬಂದಾಗ ಆ ಯಂತ್ರವನ್ನೂ ಈ ಒಂದು ಕಾರ್ಟ್ರಿಜನ್ನೂ ತಂದುಕೊಟ್ಟಿದ್ದರು. ಬೇರೆ ಆಟ ನಮ್ಮಲ್ಲಿರಲಿಲ್ಲ. ಹಾಗಾಗಿ ಇದನ್ನೇ ಆಡಿದೆವು, ಮುಗಿಸಿ ಮತ್ತೆ ಆಡಿದೆವು. ಆ ಯಂತ್ರದ ಪರದೆಗೆ ಸ್ವಂತ ಬೆಳಕಿಲ್ಲ. ಕರೆಂಟು ಹೋದ ಮಳೆಗಾಲದ ಸಂಜೆಗಳಲ್ಲಿ ಲಾಟೀನಿನ ಬೆಳಕು ಬೀಳುವಂತೆ ಅದನ್ನು ಓರೆಯಾಗಿ ಹಿಡಿದುಕೊಂಡು ನಾನೂ ಅಕ್ಕನೂ ಸರದಿಯ ಮೇಲೆ ಆಡುತ್ತಿದ್ದುದು, ನಾಲ್ಕು ಪೆನ್ಸಿಲ್ ಸೆಲ್ ಮುಗಿದರೆ ಮುಂದಿನ ಸಂತೆಯ ದಿನದವರೆಗೆ ಕಾಯುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಕಥೆ ದೂರದ ಭವಿಷ್ಯದ್ದು. ಬೇರೆ ಜೀವಿಗಳ ಪ್ರಾಣಶಕ್ತಿಯನ್ನು ಹೀರಿ ಬದುಕುವ ಮೆಟ್ರಾಯ್ಡ್‌ಗಳೆಂಬ ಪ್ರಾಣಿಗಳ ಮೂಲನೆಲೆ ಎಸ್‌ಆರ್388 ಎಂಬ ಗ್ರಹ. ಅವು ಇನ್ನೂ ಉಳಿದಿವೆಯೇ ಎಂದು ತಿಳಿಯಲು ಗ್ಯಾಲಕ್ಸಿಗಳ ಒಕ್ಕೂಟ ಸರ್ಕಾರವು ಅಲ್ಲಿಗೆ ಕಳಿಸಿದ ಸಂಶೋಧನಾ ನೌಕೆ ಕಣ್ಮರೆಯಾಗುತ್ತದೆ. ಹುಡುಕಲು ಹೋದ ತಂಡವೂ, ಅದರ ಬೆನ್ನಿಗೆ ಹೋದ ಸಶಸ್ತ್ರ ಪಡೆಯೂ ಹಿಂದಿರುಗುವುದಿಲ್ಲ. ಕೊನೆಗೆ ಸರ್ಕಾರ ಸೇಮಸ್ ಆರನ್ ಎಂಬ ಒಬ್ಬ ಹೆಣ್ಣುಮಗಳಿಗೆ ಆ ಸಂತತಿಯನ್ನೇ ನಿರ್ಮೂಲ ಮಾಡಿ ಬರಲು ಹೇಳುತ್ತದೆ. ಆಡುವವರು ಆ ಹೆಣ್ಣಾಗಿ ಒಂಟಿಯಾಗಿ ನೆಲದಾಳಕ್ಕೆ ಇಳಿಯಬೇಕು: ಜಿಗಿಯುತ್ತ, ಉಂಡೆಯಾಗಿ ಸುರುಳಿಕೊಂಡು ಸಂದಿಗಳಲ್ಲಿ ಉರುಳುತ್ತ, ಜೇಡದಂತೆ ಗೋಡೆಗೂ ಚಾವಣಿಗೂ ಅಂಟಿಕೊಂಡು ಹತ್ತುತ್ತ ಸಾಗಬೇಕು. ದಾರಿ ತೋರಿಸುವ ನಕ್ಷೆ ಇಲ್ಲ. ಪರದೆಯ ಬಲ ಮೂಲೆಯಲ್ಲಿ ಒಂದು ಸಂಖ್ಯೆ ಮಾತ್ರ ಸದಾ ಕಾಣುತ್ತದೆ. ಅದು 39ರಿಂದ ಆರಂಭವಾಗುತ್ತದೆ, ಒಂದು ಮೆಟ್ರಾಯ್ಡ್ ಸತ್ತಾಗಲೆಲ್ಲ ಒಂದೊಂದೇ ಇಳಿಯುತ್ತದೆ.

ಈ ಲೆಕ್ಕವೇ ಲೇಖಕರ ಮಾತಿಗೆ ಸಾಕ್ಷಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲಿಯವರೆಗೆ ನೋಡಿದರೆ ಹೌದು. ಆಟದ ನೆಲವನ್ನು ಹಾಗೆಯೇ ಕಟ್ಟಿದ್ದಾರೆ: ಕೆಳಗಿನ ದಾರಿಗಳನ್ನು ಸುಡುವ ಆಮ್ಲ ಮುಚ್ಚಿರುತ್ತದೆ, ಒಂದು ಪ್ರದೇಶದ ಮೆಟ್ರಾಯ್ಡ್‌ಗಳೆಲ್ಲ ಸತ್ತಾಗ ನೆಲ ಕಂಪಿಸಿ ಆಮ್ಲದ ಮಟ್ಟ ಇಳಿಯುತ್ತದೆ, ಮುಂದಿನ ಆಳ ತೆರೆದುಕೊಳ್ಳುತ್ತದೆ. ಅಂದರೆ ಕೊಂದವರಿಗೆ ಮಾತ್ರ ದಾರಿ. ಆದರೆ ಆಡುತ್ತ ಹೋದಂತೆ ಎದುರಿಗಿರುವುದು ಬರೀ ಗುರಿಗಳಲ್ಲ, ಒಂದು ಜೀವಿಯ ಜೀವನಚಕ್ರ ಎಂಬುದು ಅರಿವಿಗೆ ಬರುತ್ತದೆ. ಮೊದಲ ಮೆಟ್ರಾಯ್ಡ್ ನಮ್ಮ ಕಣ್ಣೆದುರೇ ಪೊರೆ ಹರಿದುಕೊಂಡು ಹೊಸ ರೂಪದಲ್ಲಿ ಹೊರಬರುತ್ತದೆ. ಮುಂದಿನವು ಬಿಟ್ಟುಹೋದ ಖಾಲಿ ಪೊರೆಗಳು ಗುಹೆಗಳಲ್ಲಿ ತೂಗಾಡುತ್ತ ಅವುಗಳ ಸುಳಿವು ಕೊಡುತ್ತವೆ. ಆಲ್ಫಾ, ಗಾಮಾ, ಝೀಟಾ, ಒಮೆಗಾ ಎಂದು ಹಂತಹಂತವಾಗಿ ರೂಪಾಂತರಗೊಳ್ಳುವ ಈ ಪ್ರಾಣಿಗೆ ಕೊನೆಯಲ್ಲಿ ಜೇನು ಗೆದ್ದಲುಗಳಿಗಿರುವಂತೆ ಒಂದು ರಾಣಿಯೂ ಇದೆ. ರೂಪಾಂತರ ಎಂಬ ಪದವನ್ನು ಶಾಲೆಯ ಪುಸ್ತಕದಲ್ಲಿ ಓದುವ ಮೊದಲೇ ನಾನು ಅದನ್ನು ಈ ಪರದೆಯ ಮೇಲೆ ಕಂಡಿದ್ದೆ.

ಇದನ್ನೆಲ್ಲ ಎಷ್ಟು ಕಡಿಮೆ ಸಾಮಗ್ರಿಯಲ್ಲಿ ಮಾಡಿದರೆಂಬುದನ್ನೂ ಹೇಳಬೇಕು. ಗೇಮ್ ಬಾಯ್ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು. ಬಣ್ಣವಿಲ್ಲ, ಹಸಿರುಬೂದಿಯ ನಾಲ್ಕು ಛಾಯೆಗಳಷ್ಟೆ. ಯಂತ್ರವನ್ನೂ ಈ ಆಟವನ್ನೂ ರೂಪಿಸಿದ ವಿಭಾಗದ ಮುಖ್ಯಸ್ಥರಾಗಿದ್ದ ಗುನ್‌ಪೇ ಯೊಕೊಯಿ ಅವರು, ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ದುಡಿಸಿಕೊಳ್ಳಬೇಕೆಂಬ ನಂಬಿಕೆಯವರು. 1986ರ ಮೊದಲ ಮೆಟ್ರಾಯ್ಡ್ ಆಟದಲ್ಲಿ ಸೇಮಸ್ ಹೊಸ ಕವಚ ತೊಟ್ಟಳೆಂಬುದು ಬಣ್ಣದ ಬದಲಾವಣೆಯಿಂದ ತಿಳಿಯುತ್ತಿತ್ತು. ಬಣ್ಣವೇ ಇಲ್ಲದ ಇಲ್ಲಿ ಅದನ್ನು ತೋರಿಸುವುದಕ್ಕೆಂದು ಅವಳ ಭುಜಗಳಿಗೆ ದೊಡ್ಡ ಗುಂಡನೆಯ ಆಕಾರ ಕೊಟ್ಟರು. ಬಣ್ಣದ ಯಂತ್ರಗಳು ಬಂದ ಮೇಲೂ ಆ ಭುಜಗಳೇ ಅವಳ ಗುರುತಾಗಿ ಉಳಿದವು. ಪುಟ್ಟ ಪರದೆಯಲ್ಲಿ ಅವಳನ್ನು ದೊಡ್ಡದಾಗಿ ಬರೆದದ್ದರಿಂದ ಸುತ್ತಲಿನ ಗುಹೆ ಬಹಳ ದೂರ ಕಾಣುವುದಿಲ್ಲ, ಮುಂದೇನಿದೆಯೋ ಎಂಬ ಭಯ ಬಿಡುವುದಿಲ್ಲ. ರ್‍ಯೊಜಿ ಯೊಶಿತೊಮಿ ಅವರ ಸಂಗೀತ ಕೆಲವೆಡೆ ರಾಗವೆನ್ನಲಾಗದ ಬಿಡಿ ಸದ್ದುಗಳಿಗೆ ಇಳಿದುಬಿಡುತ್ತದೆ. ಅದನ್ನು ಅಂದು ನಾವು ಯಂತ್ರದ ದೋಷವೆಂದುಕೊಂಡಿದ್ದೆವು. ಅದು ಬೇಕೆಂದೇ ಮಾಡಿದ್ದೆಂದು ಅರ್ಥವಾಗಲು ನನಗೆ ಬಹಳ ವರ್ಷಗಳು ಹಿಡಿದವು.

ಇನ್ನು ಕೊನೆಯ ಭಾಗಕ್ಕೆ ಬರುತ್ತೇನೆ. ಲೆಕ್ಕ ಒಂದಕ್ಕೆ ಇಳಿದು, ಇನ್ನು ರಾಣಿಯೊಂದೇ ಎಂದುಕೊಳ್ಳುವಾಗ ಅದು ಇದ್ದಕ್ಕಿದ್ದಂತೆ ಒಂಬತ್ತಕ್ಕೆ ಏರುತ್ತದೆ. ಹೊಸದಾಗಿ ಹುಟ್ಟಿದ ಎಂಟು ಮೆಟ್ರಾಯ್ಡ್‌ಗಳು ಎರಗುತ್ತವೆ. ಅವನ್ನೂ, ಬಳಿಕ ರಾಣಿಯನ್ನೂ ಕೊಂದು ಸೇಮಸ್ ಮುಂದೆ ನಡೆಯುತ್ತಾಳೆ. ಅಲ್ಲೊಂದು ಮೊಟ್ಟೆ ಇದೆ. ಅದು ಒಡೆಯುತ್ತದೆ. ಹೊರಬಂದ ಮರಿ ಅವಳ ಮೇಲೆ ಎರಗುವುದಿಲ್ಲ. ಹುಟ್ಟಿದೊಡನೆ ಕಂಡವರನ್ನೇ ತಾಯಿ ಎಂದುಕೊಳ್ಳುವ ಬಾತುಕೋಳಿ ಮರಿಗಳಂತೆ ಅವಳ ಸುತ್ತಲೇ ಹಾರಾಡುತ್ತದೆ. ಅವಳಿಗೆ ಕೊಟ್ಟ ಆದೇಶದ ಪ್ರಕಾರ ಅದನ್ನೂ ಕೊಲ್ಲಬೇಕು, ಅವಳು ಕೊಲ್ಲುವುದಿಲ್ಲ. ಆಟದಲ್ಲಿ ಇದನ್ನು ವಿವರಿಸುವ ಒಂದು ಮಾತೂ ಇಲ್ಲ. ಹಿಂದಿರುಗುವ ದಾರಿಯಲ್ಲಿ ಶತ್ರುಗಳಿಲ್ಲ, ಸಂಗೀತ ಮೃದುವಾಗಿದೆ, ದಾರಿಗೆ ಅಡ್ಡವಾದ ಗಡ್ಡೆಗಳನ್ನು ಯಾವ ಆಯುಧವೂ ಒಡೆಯಲಾರದು. ಆ ಮರಿಯೇ ಅವನ್ನು ಮೆಲ್ಲುತ್ತ ದಾರಿ ಬಿಡಿಸುತ್ತದೆ. ಗಂಟೆಗಟ್ಟಲೆ ಕೊಂದು ಕೊಂದು ದಾರಿ ತೆರೆದವರಿಗೆ ಮನೆಗೆ ಹೋಗುವ ದಾರಿ ತೆರೆಯುವುದು ಕೊಲ್ಲದೆ ಬಿಟ್ಟ ಒಂದು ಜೀವದಿಂದ. ಇದನ್ನು ನಾನು ಹದಿಮೂರನೆಯ ವಯಸ್ಸಿನಲ್ಲಿ ನನ್ನ ಹೆಬ್ಬೆರಳುಗಳಿಂದಲೇ ಅರಿತೆ; ಗುಂಡಿ ಒತ್ತಲು ಸಿದ್ಧವಾಗಿದ್ದ ಬೆರಳು ತಾನಾಗಿ ಹಿಂದೆ ಸರಿದದ್ದು ನೆನಪಿದೆ. ಮರಿ ಮನೆ ಸೇರುವ ತನಕ ಅಕ್ಕ ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕುಳಿತಿದ್ದಳು.

ಕಥೆ ಅಲ್ಲಿಗೆ ನಿಲ್ಲುವುದೂ ಇಲ್ಲ. ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಕ್ಕಾಗಿ 1994ರಲ್ಲಿ ಬಂದ ‘ಸೂಪರ್ ಮೆಟ್ರಾಯ್ಡ್’ನಲ್ಲಿ ಅದೇ ಮರಿ ಸೇಮಸ್‌ಗಾಗಿ ಪ್ರಾಣ ಕೊಡುತ್ತದೆ. ನಿಜವಾದ ಉತ್ತರಾರ್ಧ ಬಂದದ್ದು 2002ರಲ್ಲಿ, ಮತ್ತೆ ಕೈಯಲ್ಲಿ ಹಿಡಿಯುವ ಯಂತ್ರದ ಮೇಲೆಯೇ: ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ಯೊಶಿಯೊ ಸಕಮೊತೊ ನಿರ್ದೇಶಿಸಿದ ‘ಮೆಟ್ರಾಯ್ಡ್ ಫ್ಯೂಷನ್’. ಅದರಲ್ಲಿ ಸೇಮಸ್ ಎಸ್‌ಆರ್388ಕ್ಕೆ ಮರಳಿದಾಗ ಎಕ್ಸ್ ಎಂಬ ಪರಾವಲಂಬಿ ಜೀವಿ ಅವಳ ದೇಹವನ್ನು ಹೊಕ್ಕುತ್ತದೆ. ತಾನು ಹೊಕ್ಕ ಪ್ರಾಣಿಯ ಅನುವಂಶಿಕ ಮಾಹಿತಿಯನ್ನು ಕದ್ದು ಅದೇ ರೂಪ ತಾಳಬಲ್ಲ ಎಕ್ಸ್ ಆ ಗ್ರಹದಲ್ಲಿ ಅಷ್ಟು ಕಾಲ ಹತೋಟಿಯಲ್ಲಿದ್ದದ್ದು ಮೆಟ್ರಾಯ್ಡ್‌ಗಳು ಅದನ್ನು ತಿನ್ನುತ್ತಿದ್ದುದರಿಂದ. ಬೇಟೆಗಾರ ಪ್ರಾಣಿಯನ್ನು ನಿರ್ಮೂಲ ಮಾಡಿದವಳು ಸೇಮಸ್. ನಿಜ ಹೇಳಬೇಕೆಂದರೆ ಆಡಿದ ನಾವು. ಸಾಯುತ್ತಿದ್ದ ಅವಳನ್ನು ಉಳಿಸಿದ್ದು ಆ ಮರಿಯ ಜೀವಕೋಶಗಳಿಂದ ತಯಾರಿಸಿದ ಲಸಿಕೆ. ಮುಂದೆ ಅವಳದೇ ಕವಚದ ಶಕ್ತಿಯೆಲ್ಲವನ್ನೂ ಪಡೆದ ಅವಳ ಪ್ರತಿರೂಪವೊಂದು ಸಂಶೋಧನಾ ಕೇಂದ್ರದಲ್ಲಿ ಅವಳನ್ನೇ ಬೇಟೆಯಾಡುತ್ತ ಬರುವಾಗ, ಮೊದಲು ಗುಹೆಗುಹೆ ನುಗ್ಗಿ ಕೊಂದವರು ಈಗ ಗೋಡೆಯ ಮರೆಯಲ್ಲಿ ಉಸಿರಡಗಿಸಿ ಕುಳಿತುಕೊಳ್ಳಬೇಕಾಗುತ್ತದೆ. ಹನ್ನೊಂದು ವರ್ಷಗಳ ಹಿಂದೆ ಮಾಡಿದ ಕೃತ್ಯದ ಪರಿಣಾಮವನ್ನು ಆಡಿದವರ ಎದುರಿಗೇ ತಂದಿಡುವ ಇಂಥ ಕಥನ ನನಗೆ ಬಹಳ ಕಡೆ ಸಿಕ್ಕಿಲ್ಲ.

ಬೇಟೆ ಮತ್ತು ಬೇಟೆಗಾರರ ಸಂಬಂಧದ ಪಾಠವನ್ನು ನಾನು ಸಾಮಾನ್ಯವಾಗಿ ಬಂಡೀಪುರದ ಕೆನ್ನಾಯಿಗಳಿಂದ ಆರಂಭಿಸುತ್ತೇನೆ. ಬ್ರಿಟಿಷರ ಕಾಲದಲ್ಲಿ ಅವನ್ನು ಪೀಡೆಯೆಂದು ಎಣಿಸಿ, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಕಾನೂನಿನ ಆಸರೆ ದೊರೆತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಮೂರು ವರ್ಷಗಳ ಹಿಂದೆ ಈ ಪಾಠದ ನಡುವೆ ಎಸ್‌ಆರ್388ರ ಕಥೆಯನ್ನೂ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಹಾಗಾದರೆ ಆ ಸರ್ಕಾರ ಮೊದಲು ಅಲ್ಲಿನ ಆಹಾರ ಸರಪಳಿಯನ್ನು ಅಧ್ಯಯನ ಮಾಡಬೇಕಿತ್ತಲ್ಲವೇ ಸರ್, ಎಂದು ಕೇಳಿದ. ಆ ವರ್ಷ ಅವನು ತರಗತಿಯಲ್ಲಿ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಈ ಆಟವನ್ನು ದೋಷವಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಗುಹೆಗಳು ಒಂದರಂತೆ ಒಂದಿದ್ದು ದಾರಿ ತಪ್ಪಿಸುತ್ತವೆ, ಅದೇ ಬಗೆಯ ಕಾದಾಟ ಮತ್ತೆ ಮತ್ತೆ ಬಂದು ಬೇಸರ ತರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊನೆಯ ಆ ಕ್ಷಣ ಬರುವ ತನಕ ಆಡುವವರು ಕೊಲ್ಲುತ್ತಲೇ ಇರುತ್ತಾರೆಂಬುದು ನಿಜ. ಆರಂಭದಲ್ಲೇ ಕೈಬಿಟ್ಟ ಮಗುವಿಗೆ ಕೊಲ್ಲುವುದಷ್ಟೇ ಉಳಿಯುತ್ತದೆ ಎಂದು ಲೇಖಕರು ವಾದಿಸಿದರೆ ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಜತೆಗೆ, ಎಣಿಕೆ ಏರಿದಷ್ಟೂ ಬಹುಮಾನ ಸುರಿಸಿ ಎಲ್ಲಿಯೂ ನಿಂತು ಯೋಚಿಸಲು ಬಿಡದ ಆಟಗಳೇ ಇಂದು ನನ್ನ ವಿದ್ಯಾರ್ಥಿಗಳ ಫೋನುಗಳಲ್ಲಿ ಹೆಚ್ಚಾಗಿವೆ ಎಂಬುದನ್ನೂ ಬಲ್ಲೆ. ಆದರೆ ಆ ಎರಡು ಬಗೆಯ ಆಟಗಳ ನಡುವಿನ ಅಂತರವನ್ನು ಪೋಷಕರಿಗೆ ತಿಳಿಸಿಕೊಡುವವರು ಯಾರು? ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಒಳ್ಳೆಯದನ್ನು ಆರಿಸಿಕೊಡುವ ದಾರಿಯೇ ಅವರಿಗೆ ಉಳಿಯುವುದಿಲ್ಲ.

ಸೂಕ್ಷ್ಮವಾದದ್ದು ಎಷ್ಟು ಸುಲಭವಾಗಿ ಕಳೆದುಹೋಗುತ್ತದೆ ಎಂಬುದಕ್ಕೂ ಇದೇ ಆಟದಲ್ಲಿ ನಿದರ್ಶನವಿದೆ. ಸ್ಪೇನ್ ದೇಶದ ಮರ್ಕ್ಯುರಿ ಸ್ಟೀಮ್ ಸಂಸ್ಥೆಯೊಂದಿಗೆ ಸೇರಿ ನಿಂಟೆಂಡೊ 2017ರಲ್ಲಿ ಇದನ್ನು 3ಡಿಎಸ್ ಯಂತ್ರಕ್ಕಾಗಿ ಹೊಸದಾಗಿ ರೂಪಿಸಿತು. ಬಣ್ಣ, ನಕ್ಷೆ, ಚುರುಕಾದ ಚಲನೆ ಎಲ್ಲವೂ ಬಂದವು. ಆದರೆ ಮರಿಯೊಂದಿಗೆ ನಡೆಯುವ ಆ ಶಾಂತವಾದ ಹಿಂಪಯಣದ ಕೊನೆಗೆ ರಿಡ್ಲಿ ಎಂಬ ಹಳೆಯ ಶತ್ರುವನ್ನು ತಂದು ನಿಲ್ಲಿಸಿ ಇನ್ನೊಂದು ದೊಡ್ಡ ಕಾಳಗವನ್ನು ಸೇರಿಸಿಬಿಟ್ಟರು. ಮೌನವೇ ಅರ್ಥವಾಗಿದ್ದ ಜಾಗದಲ್ಲಿ ಮತ್ತೆ ಗುಂಡಿನ ಸದ್ದು. ಕುಶಲರಾದ ತಯಾರಕರಿಗೇ ಆ ಮೌನದ ಬೆಲೆ ತಿಳಿಯದೆ ಹೋದಾಗ ನನಗೆ ನಿಜಕ್ಕೂ ನೋವಾಯಿತು. ಇಂಥದ್ದನ್ನು ಗುರುತಿಸಿ ಬರೆಯುವ ವಿಮರ್ಶೆ ಕನ್ನಡದಲ್ಲಿ ಬೇಕು. ಸಿನಿಮಾಕ್ಕೆ ವಾರವಾರವೂ ಮೀಸಲಿಡುವ ಜಾಗದ ನಾಲ್ಕನೆಯ ಒಂದು ಪಾಲನ್ನಾದರೂ, ಆಟಗಳನ್ನು ಹೆಸರು ಹಿಡಿದು, ಕೊನೆಯವರೆಗೆ ಆಡಿ ಬರೆಯುವವರಿಗೆ ನಿಮ್ಮ ಪುರವಣಿಯಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ.

ನನ್ನ ಆ ಹಳೆಯ ಗೇಮ್ ಬಾಯ್ ಇಂದಿಗೂ ಕೆಲಸ ಮಾಡುತ್ತಿದೆ. ಆಡಿದ ಹಂತವನ್ನು ಕಾಪಾಡಿಡಲು ಕಾರ್ಟ್ರಿಜ್‌ನೊಳಗೆ ಇರುವ ಗುಂಡಗಿನ ಸಣ್ಣ ಸೆಲ್ ಸತ್ತುಹೋಗಿತ್ತು. ನಮ್ಮೂರಿನ ರೇಡಿಯೊ ರಿಪೇರಿಯವರು ಕಳೆದ ವರ್ಷ ಹೊಸದನ್ನು ಬೆಸುಗೆ ಹಾಕಿ ಕೂರಿಸಿಕೊಟ್ಟರು. ಲೇಖಕರು ಒಪ್ಪುವುದಾದರೆ ಎರಡನ್ನೂ ನಿಮ್ಮ ಕಚೇರಿಗೆ ನಾನೇ ತಂದುಕೊಡುತ್ತೇನೆ. ಆಟವನ್ನು ಉಳಿಸಿಡಲು ಅದರಲ್ಲಿ ಮೂರು ಜಾಗಗಳಿವೆ. ಒಂದರಲ್ಲಿ ನಾನು ರಾಣಿಯ ಗೂಡಿನ ಹತ್ತಿರ ನಿಂತಿದ್ದೇನೆ, ಉಳಿದೆರಡು ಖಾಲಿ. ದಯವಿಟ್ಟು ಖಾಲಿಯಾದ ಜಾಗದಿಂದ, 39ರಿಂದಲೇ ಆರಂಭಿಸಬೇಕೆಂದು ಅವರಲ್ಲಿ ನನ್ನ ಕೋರಿಕೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಜೀವಶಾಸ್ತ್ರ ಉಪನ್ಯಾಸಕ,
ತೀರ್ಥಹಳ್ಳಿ