ಪೇಟೆಯ ನೆನಪು ಬರೆದಿಡುವಾಗ

ಮಾನ್ಯರೇ,

ಬೆಂಗಳೂರಿನ ಹಳೇ ಪೇಟೆಯ ಹಿರಿಯರ ನೆನಪುಗಳನ್ನು ದಾಖಲಿಸಲು ಹೊರಟವರು ‘ಯಾವ ಇಸವಿ?’ ಎಂದು ಮೊದಲೇ ಕೇಳಬಾರದು. ಅಂದಾಜಿನ ಉತ್ತರ ಬರುತ್ತದೆ, ಅದೇ ಇತಿಹಾಸವಾಗಿಬಿಡುತ್ತದೆ. ಮನೆಯ ಮದುವೆ, ಹೆರಿಗೆಗಳನ್ನು ಹಿಡಿದು ಕೇಳಿ. ಅಜ್ಜ ಅಜ್ಜಿಯರಿಂದ ಕೇಳಿದ ಮಾತಾದರೆ 1898ರ ಪ್ಲೇಗು, 1905ರಲ್ಲಿ ಬಂದ ವಿದ್ಯುದ್ದೀಪಗಳಿಗಿಂತ ಹಿಂದೋ ಮುಂದೋ ಎಂದು ವಿಚಾರಿಸಿ.

ಅವೆನ್ಯೂ ರಸ್ತೆಯನ್ನು ದೊಡ್ಡಪೇಟೆ, ಕಾಟನ್‌ಪೇಟೆಯನ್ನು ಅರಳೆಪೇಟೆ ಎಂದರೆ ತಿದ್ದದೆ ಹಾಗೇ ಬರೆದುಕೊಳ್ಳಿ.

ಕೂತಲ್ಲಿ ಬಾರದ ನೆನಪು ನಡೆದಾಗ ಬರುತ್ತದೆ. ಧರ್ಮರಾಯಸ್ವಾಮಿ ಗುಡಿಯಿಂದ ತವಕ್ಕಲ್ ಮಸ್ತಾನ್ ದರ್ಗಾದವರೆಗೆ ಕರಗ ಸಾಗುವ ಬೀದಿಗಳಲ್ಲಿ ಅವರೊಂದಿಗೆ ಹೋದರೆ ಗರಡಿ, ಬಾವಿ, ಜಗಲಿ ಒಂದೊಂದಾಗಿ ಗುರುತು ಹತ್ತುತ್ತವೆ. ಅಂಗಡಿ ತೆರೆಯುವ ಮುಂಚೆಯೇ ಹೋಗಬೇಕು; ಆಮೇಲೆ ಗಾಡಿಗಳ ಸದ್ದಿನಲ್ಲಿ ಧ್ವನಿಮುದ್ರಣ ಕೆಡುತ್ತದೆ.

ಎಲ್ಲಕ್ಕಿಂತ ಅಮೂಲ್ಯವಾದದ್ದು ಹಳೆಯ ಕ್ರಯಪತ್ರದ ಚಕ್ಕುಬಂದಿ. ನಾಲ್ಕು ದಿಕ್ಕಿನಲ್ಲಿ ಯಾರ ಮನೆ, ಯಾವ ಓಣಿ ಎಂಬುದು ಅಲ್ಲಿರುತ್ತದೆ. ಅಕ್ಕಪಕ್ಕದ ಮನೆಗಳ ಪತ್ರಗಳನ್ನು ಜೋಡಿಸಿದರೆ ಬೀದಿಯ ನಕ್ಷೆಯೇ ಸಿಗುತ್ತದೆ. ಮಡಿಕೆಯಲ್ಲಿ ಹರಿದ ಪತ್ರಕ್ಕೆ ದಯವಿಟ್ಟು ಅಂಟುಪಟ್ಟಿ ಹಚ್ಚಬೇಡಿ, ಕಾಗದ ಕಂದುತ್ತದೆ. ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆದು ಮೂಲವನ್ನು ಮನೆಯವರಿಗೇ ಮರಳಿಸಿ.

– ಪೇಟೆಯ ನಿವಾಸಿಗಳು, ಬೆಂಗಳೂರು