3ಡಿ ಸ್ಕ್ಯಾನ್ ಅಳತೆಗೂ ಒಂದಿಷ್ಟು ಜಾಗ ಬಿಡಬೇಕು

ಸಂಪಾದಕರಿಗೆ ನಮಸ್ಕಾರ,

ಹಲ್ಲಿನ ಇಂಪ್ಲಾಂಟ್ (ಹಲ್ಲು ಹೋದ ಜಾಗದಲ್ಲಿ ದವಡೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಬಗ್ಗೆ ಈಚೆಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ 3ಡಿ ಸ್ಕ್ಯಾನ್ ಮಾಡಿಸಿದರೆ ದವಡೆ ಮೂಳೆಯ ಅಳತೆ ನೂರಕ್ಕೆ ನೂರು ಸರಿ ಸಿಗುತ್ತದೆ ಅನ್ನೋ ಸಾಲು ತಿದ್ದಬೇಕು. ದಿನಾ ಈ ಸ್ಕ್ಯಾನ್‌ಗಳನ್ನೇ ನೋಡುವ ನಮಗೂ ಅಷ್ಟು ಧೈರ್ಯ ಇಲ್ಲ.

ಇಡೀ ದವಡೆಯನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ತೋರಿಸುವ ಹಳೆಯ ಓಪಿಜಿ ಎಕ್ಸ್‌ರೇಗಿಂತ ಇದು ಎಷ್ಟೋ ಮೇಲು, ಅದರಲ್ಲಿ ಎರಡು ಮಾತಿಲ್ಲ. ಓಪಿಜಿಯಲ್ಲಿ ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ದೊಡ್ಡದಾಗಿ ಕಾಣುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ, ಮೂಳೆ ಎಷ್ಟು ಅಗಲ ಇದೆ ಅನ್ನೋದಂತೂ ಗೊತ್ತೇ ಆಗುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬಂದ ಸಿಬಿಸಿಟಿ, ಅಂದರೆ ಈಗ ಹೇಳುತ್ತಿರುವ 3ಡಿ ಸ್ಕ್ಯಾನ್, ಈ ಕಷ್ಟ ತಪ್ಪಿಸಿತು. ಯಂತ್ರ ತಲೆಯ ಸುತ್ತ ತಿರುಗುತ್ತಾ ನೂರಾರು ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ದವಡೆಯನ್ನು ವಾಕ್ಸೆಲ್ ಅನ್ನುವ ಪುಟ್ಟ ಪುಟ್ಟ ಘನಗಳಲ್ಲಿ ಕಟ್ಟಿಕೊಡುತ್ತದೆ. ಒಣ ತಲೆಬುರುಡೆಯನ್ನು ಸ್ಕ್ಯಾನ್ ಮಾಡಿ, ಅದೇ ಜಾಗವನ್ನು ಕ್ಯಾಲಿಪರ್‌ನಿಂದ ಅಳೆದರೆ ವ್ಯತ್ಯಾಸ ಸಾಮಾನ್ಯವಾಗಿ 1 ಮಿ.ಮೀ. ಒಳಗೇ ಇರುತ್ತದೆ. ಸರಿ, ಆದರೆ ಬುರುಡೆ ಅಲುಗಾಡುವುದಿಲ್ಲ, ಎಂಜಲು ನುಂಗುವುದಿಲ್ಲ ಅಲ್ವಾ? ಬದುಕಿರುವವರು 10–20 ಸೆಕೆಂಡ್ ಕಲ್ಲಿನ ಹಾಗೆ ಕೂರುವುದು ಕಷ್ಟ. ಪಕ್ಕದಲ್ಲಿ ಲೋಹದ ಕ್ಯಾಪೋ ಹಳೆಯ ಇಂಪ್ಲಾಂಟೋ ಇದ್ದರೆ ಕಪ್ಪು ಪಟ್ಟೆ, ಬಿಳಿ ಗೆರೆ ಎದ್ದು, ಇರುವ ಮೂಳೆಯೇ ಇಲ್ಲದ ಹಾಗೆ ಕಾಣುತ್ತದೆ.

ಇನ್ನೂ ಜಾಸ್ತಿ ಎಡವಟ್ಟು ಆಗುವುದು ಪರದೆ ಮೇಲೆ ಗೀಟು ಎಳೆಯುವಾಗ. ಅಳೆಯಲು ಪರದೆಯಲ್ಲಿ ಕತ್ತರಿಸಿ ನೋಡುವ ಸ್ಲೈಸ್ ದವಡೆಯ ಬಾಗಿಗೆ ಸರಿಯಾಗಿ ಅಡ್ಡಡ್ಡ ಇರಬೇಕು. 6 ಮಿ.ಮೀ. ಅಗಲದ ಮೂಳೆಯನ್ನು 30 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಪರದೆಯಲ್ಲಿ ಸುಮಾರು 6.9 ಬರುತ್ತದೆ. ಇಲ್ಲದ ಮೂಳೆ ಸುಮ್ನೆ ಹುಟ್ಟಿಕೊಂಡಿತು! ಕೆಳದವಡೆಯ ಹಿಂಭಾಗದಲ್ಲಿ ನರ ಹೋಗುವ ಕೊಳವೆಯ ಬಿಳಿ ಅಂಚು ಕೆಲವರಲ್ಲಿ ಕಾಣುವುದೇ ಇಲ್ಲ. ನರದವರೆಗೆ ಮೂಳೆ ಎಷ್ಟು ಎತ್ತರ ಇದೆ ಅಂತ ಅಳೆಯಲು ಒಬ್ಬರು ಅಂಚಿನ ಮೇಲೆ ಕ್ಲಿಕ್ ಮಾಡುತ್ತಾರೆ, ಇನ್ನೊಬ್ಬರು ಸ್ವಲ್ಪ ಕೆಳಗೆ. ಸಾಫ್ಟ್‌ವೇರ್‌ಗೇನು, ಇಬ್ಬರಿಗೂ 11.37, 11.82 ಮಿ.ಮೀ. ಅಂತ ಎರಡು ದಶಾಂಶ ಹಾಕಿ ಕೊಡುತ್ತದೆ, ನೋಡಿದವರು ನಂಬಿಬಿಡುತ್ತಾರೆ. ಅದಕ್ಕೇ ಇಂಪ್ಲಾಂಟ್ ತುದಿಗೂ ನರಕ್ಕೂ ನಡುವೆ ಕನಿಷ್ಠ 2 ಮಿ.ಮೀ. ಬಿಡುವ ರೂಢಿ ಇರುವುದು. 'ಸ್ಕ್ಯಾನ್ ಇದೆಯಲ್ಲ' ಅಂತ ಆ ಅಂತರವನ್ನು ಕಡಿಮೆ ಮಾಡುವವರನ್ನು ಕಂಡರೆ ನನಗೆ ಭಯ.

ಮುಂಭಾಗದ ಹಲ್ಲುಗಳ ಹೊರಬದಿಯ ಮೂಳೆಯದು ಬೇರೆಯೇ ಕಥೆ. ಎಷ್ಟೋ ಜನರಲ್ಲಿ ಅದು 1 ಮಿ.ಮೀ. ದಪ್ಪವೂ ಇರುವುದಿಲ್ಲ. ಅಷ್ಟು ತೆಳು ಪದರದ ಬಣ್ಣ ಅಕ್ಕಪಕ್ಕದ್ದರ ಜೊತೆ ಕಲಸಿಹೋಗುತ್ತದೆ, ಚಿತ್ರದಲ್ಲಿ ಪದರವೇ ಮಾಯ. ಹಾಗಾಗಿ 'ಮೂಳೆ ಇಲ್ಲ' ಅಂತ ವರದಿ ಬಂದ ಜಾಗದಲ್ಲಿ ಒಸಡು ಬಿಡಿಸಿದಾಗ ಮೂಳೆ ಸಿಗುವುದೂ ಉಂಟು.

ಮೂಳೆ ಎಷ್ಟು ಗಟ್ಟಿ ಅನ್ನೋದನ್ನೂ ಇದೇ ಸ್ಕ್ಯಾನ್‌ನ ಅಂಕಿ ನೋಡಿ ಹೇಳಬಹುದು ಅಂತ ಲೇಖನದಲ್ಲಿತ್ತು. ಅದನ್ನು ಹಾಗೆ ನಂಬುವ ಹಾಗಿಲ್ಲ, ದೊಡ್ಡ ಆಸ್ಪತ್ರೆಗಳ ಸಿಟಿ ಸ್ಕ್ಯಾನ್ ಬೇರೆ, ಸಿಬಿಸಿಟಿ ಬೇರೆ. ಸಿಬಿಸಿಟಿಯ ಬೂದು ಬಣ್ಣದ ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ, ಒಂದೇ ಯಂತ್ರದಲ್ಲೂ ತಲೆ ಇಟ್ಟ ಜಾಗದ ಮೇಲೆ ಬದಲಾಗುತ್ತವೆ.

ಇಂಪ್ಲಾಂಟ್ ಹಾಕಿಸಿಕೊಳ್ಳುವವರು ವೈದ್ಯರನ್ನು ಧಾರಾಳವಾಗಿ ಕೇಳಿ: ವಾಕ್ಸೆಲ್ ಎಷ್ಟು, ಅಳೆದವರು ಯಾರು, ಎರಡನೇ ಸಲ ಅಳೆದು ನೋಡಿದ್ದಾರಾ, ನರದಿಂದ ಎಷ್ಟು ದೂರ ಬಿಟ್ಟಿದ್ದಾರೆ. ಹಾಗಂತ ಅತಿ ಚಿಕ್ಕ ವಾಕ್ಸೆಲ್ಲೇ ಬೇಕು ಅಂತ ಹಠ ಹಿಡಿಯಬೇಡಿ. ಅದಕ್ಕೆ ಸಾಮಾನ್ಯವಾಗಿ ವಿಕಿರಣ ಜಾಸ್ತಿ, ಸ್ಕ್ಯಾನ್ ಹೊತ್ತೂ ಜಾಸ್ತಿ, ಅಷ್ಟು ಹೊತ್ತಲ್ಲಿ ತಲೆ ಅಲುಗಿದರೆ ಸೂಕ್ಷ್ಮವೆಲ್ಲ ನೀರುಪಾಲು. ಇಂಪ್ಲಾಂಟ್ ಅಳತೆಗೆ 0.2–0.3 ಮಿ.ಮೀ. ಸಾಮಾನ್ಯವಾಗಿ ಸಾಕಾಗುತ್ತದೆ.

ಇಂತಿ,
ಒಬ್ಬ ದಂತವೈದ್ಯೆ