‘ಗಡುವು’ ಅಲ್ಲ, ‘ಅಂದಾಜು’ ಅನ್ನಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ರೋಗಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ವೈದ್ಯರು ಆರು ತಿಂಗಳ ಗಡುವು ಕೊಟ್ಟಿದ್ದರು, ಆದರೂ ಗೆದ್ದು ಬಂದರು.’ ಓದಿದಾಗಲೆಲ್ಲ ನನಗೆ ಕಿರಿಕಿರಿ. ಗಡುವು ಕೊಡೋಕೆ ಇದೇನು ಸಾಲದ ಕಂತಾ? ನಾನೂ ನಾಲ್ಕನೇ ಸ್ಟೇಜಿನ ರೋಗಿ. ದೊಡ್ಡ ಕರುಳಿನಲ್ಲಿ ಶುರುವಾಗಿದ್ದು ಲಿವರ್‌ಗೆ ಹರಡಿದೆ. ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದು ಮೊದಲೇ ಹೇಳಿದ್ದಾರೆ.

‘ಇನ್ನೆಷ್ಟು ದಿನ?’ ಎಂದು ನಾನು ಕೇಳುವ ಮೊದಲೇ ಮನೆಯವರು ಕೇಳಿ ಆಗಿತ್ತು. ನನ್ನನ್ನು ಒಳಗೆ ಕೂರಿಸಿ, ಅವರು ಕಾರಿಡಾರಿನಲ್ಲಿ ನಿಂತು. ಒಳಗೆ ಬಂದವರ ಮುಖ ನೋಡಿಯೇ ನನಗೆ ಅರ್ಧ ಗೊತ್ತಾಯಿತು. ಮುಂದಿನ ಎರಡು ತಿಂಗಳು ಮನೆಯಲ್ಲಿ ಎಲ್ಲರೂ ನಗುತ್ತಾ ಓಡಾಡಿದರು. ನಾನೂ ನಕ್ಕೆ. ಯಾರೂ ಯಾರ ನಗುವನ್ನೂ ನಂಬಲಿಲ್ಲ. ಪ್ರೀತಿಯಿಂದಲೇ ಮಾಡಿದ್ದು, ಬೈಯಲಾರೆ. ಆದರೆ ಆ ಎರಡು ತಿಂಗಳು ಹೋಗಿದ್ದು ನನ್ನ ಲೆಕ್ಕದಿಂದಲೇ ಅಲ್ವಾ?

ಕೊನೆಗೆ ನಾನೇ ಕೇಳಿದೆ. ಡಾಕ್ಟರು ಕಂಪ್ಯೂಟರ್ ಕಡೆ ನೋಡುತ್ತಾ ‘ಸುಮಾರು ಎರಡು ವರ್ಷ’ ಎಂದರು. ಆ ಮೂರು ಪದ ತಲೆಯಲ್ಲಿ ಕೂತುಬಿಟ್ಟವು. ಯಾವುದೇ ವಸ್ತು ಕೊಳ್ಳಲು ಹೋದರೂ ಕಣ್ಣು ವಾರಂಟಿ ಕಡೆ ಹೋಗುತ್ತಿತ್ತು. ಮೂರು ವರ್ಷ ಅಂತ ಬರೆದಿದ್ದರೆ, ಇದು ನನಗಿಂತ ಗಟ್ಟಿ ಎಂದುಕೊಳ್ಳುತ್ತಿದ್ದೆ.

ಆ ‘ಎರಡು ವರ್ಷ’ದ ಅರ್ಥ ಬಿಡಿಸಿ ಹೇಳಿದ್ದು ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಕಮ್ಮಿ ಮಾಡುವ ಆರೈಕೆ) ವೈದ್ಯೆ. ನಿಮ್ಮಂಥ ಕಾಯಿಲೆಯ 100 ಜನರನ್ನು, ಎಷ್ಟು ಕಾಲ ಬದುಕಿದರು ಎಂಬ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಎಂದರು. ನಟ್ಟನಡುವೆ ನಿಂತವರ ಅವಧಿ ಎರಡು ವರ್ಷ. ಶಾಲೆಯಲ್ಲಿ ಮಧ್ಯಾಂಕ ಅಂತ ಕಲಿತಿದ್ದೆವಲ್ಲ, ಅದೇ. ಅವರ ಹಿಂದೆ ಅರ್ಧ ಜನ, ಮುಂದೆ ಅರ್ಧ ಜನ. ನಾನು ಆ ಸಾಲಿನಲ್ಲಿ ಎಲ್ಲಿ ನಿಂತಿದ್ದೇನೆ ಎಂದು ಯಾರಿಗೂ ಗೊತ್ತಿಲ್ಲ.

ಇನ್ನೂ ಒಂದು ಲೆಕ್ಕ ಹೇಳಿಕೊಟ್ಟರು. ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞರು ತೋರಿಸಿಕೊಟ್ಟ ಲೆಕ್ಕವಂತೆ ಅದು. ಮಧ್ಯಾಂಕದ ಅರ್ಧದಿಂದ ಎರಡು ಪಟ್ಟಿನ ನಡುವೆ ಸುಮಾರು ಅರ್ಧದಷ್ಟು ಜನ ಬರುತ್ತಾರೆ. ಹತ್ತರಲ್ಲಿ ಒಬ್ಬರು ಅದರ ಕಾಲು ಭಾಗದೊಳಗೇ ಹೋಗಿಬಿಡುತ್ತಾರೆ. ಹತ್ತರಲ್ಲಿ ಒಬ್ಬರು ಮೂರು ಪಟ್ಟು, ಅದಕ್ಕಿಂತ ಜಾಸ್ತಿಯೂ ಬದುಕುತ್ತಾರೆ. ನನ್ನ ವಿಷಯದಲ್ಲಿ ಕೆಟ್ಟರೆ ಆರು ತಿಂಗಳು, ಸಾಮಾನ್ಯವಾಗಿ ಒಂದರಿಂದ ನಾಲ್ಕು ವರ್ಷ, ಅದೃಷ್ಟ ಇದ್ದರೆ ಆರು ವರ್ಷ. ಕಾಯಿಲೆ ಅದೇ, ರಿಪೋರ್ಟೂ ಅದೇ. ಆದರೆ ಅಂದು ರಾತ್ರಿ ನಿದ್ದೆ ಬಂತು. ಕೆಟ್ಟದ್ದಕ್ಕೆ ಬೇಕಾದ ಕಾಗದಪತ್ರ ಮುಗಿಸಿಟ್ಟೆ. ಒಳ್ಳೆಯದಕ್ಕೆ ಒಂದು ಪ್ರವಾಸ ಇಟ್ಟುಕೊಂಡೆ.

ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಅಪರೂಪದ ಕ್ಯಾನ್ಸರ್ ಬಂದಾಗ ಅದರ ಮಧ್ಯಾಂಕ ಬರೀ 8 ತಿಂಗಳು. ಅವರು ಇನ್ನೂ 20 ವರ್ಷ ಬದುಕಿದರು. 2002ರಲ್ಲಿ ತೀರಿಕೊಂಡಿದ್ದು ಬೇರೆಯೇ ಕ್ಯಾನ್ಸರ್‌ನಿಂದ. ಇದನ್ನು ಪವಾಡ ಅಂತ ಬರೆಯಬೇಡಿ, ದಯವಿಟ್ಟು. ಅಂಥ ಸಾಲಿಗೆ ಉದ್ದದ ಬಾಲ ಇರುತ್ತದೆ, ಅದರಲ್ಲಿ ಯಾರಾದರೂ ಇದ್ದೇ ಇರುತ್ತಾರೆ ಎಂದು ಅವರೇ ಬರೆದಿದ್ದಾರೆ.

ಈಗ ನಿಮ್ಮ ‘ಗಡುವಿನ’ ವಿಷಯಕ್ಕೆ ಬರುತ್ತೇನೆ. ಡಾಕ್ಟರು ಕಮ್ಮಿ ಹೇಳುತ್ತಾರೆ, ರೋಗಿ ಜಾಸ್ತಿ ಬದುಕುತ್ತಾನೆ ಎಂಬುದು ನಮ್ಮೆಲ್ಲರ ನಂಬಿಕೆ. ಇರುವುದು ಉಲ್ಟಾ. ಅಮೆರಿಕದ ಷಿಕಾಗೋದಲ್ಲಿ ಹಾಸ್ಪೈಸ್ (ಕೊನೆಗಾಲದ ಆರೈಕೆ) ಸೇರಿದ 468 ರೋಗಿಗಳ ಬಗ್ಗೆ ಅವರ ವೈದ್ಯರ ಅಂದಾಜು ಕೇಳಿ, 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೆಚ್ಚುಕಡಿಮೆ ಸರಿಯಾಗಿದ್ದು ಶೇ 20 ಮಾತ್ರ. ಶೇ 63ರಷ್ಟು ಅಂದಾಜುಗಳಲ್ಲಿ ಹೇಳಿದ್ದೇ ಜಾಸ್ತಿಯಾಗಿತ್ತು. ರೋಗಿಯ ಪರಿಚಯ ಹಳೆಯದಾದಷ್ಟೂ ಅಂದಾಜು ತಪ್ಪಿತ್ತಂತೆ! ಪಾಪ, ಅವರಿಗೂ ಬಾಯಿ ಬರುವುದಿಲ್ಲವೇನೋ. ಹೇಳಿದ್ದಕ್ಕಿಂತ ಮೊದಲೇ ಹೋದವರು ಸುದ್ದಿಯಾಗುವುದಿಲ್ಲ. ಮೀರಿ ಬದುಕಿದವರ ಫೋಟೊ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದಿ ಎಷ್ಟೋ ಮನೆಗಳಲ್ಲಿ ‘ಡಾಕ್ಟರು ಹಾಗೇ ಹೇಳುತ್ತಾರೆ ಬಿಡಿ’ ಎಂದು ಮುಖ್ಯವಾದ ಮಾತುಗಳನ್ನು ಮುಂದೂಡುತ್ತಾರೆ.

ಹಾಗಾದರೆ ಕೇಳುವುದು ಹೇಗೆ? ನಾನು ಈಗ ‘ಎಷ್ಟು ದಿನ’ ಎನ್ನುವುದಿಲ್ಲ. ‘ಇದು ವಾರಗಳ ಮಾತೋ, ತಿಂಗಳುಗಳ ಮಾತೋ, ವರ್ಷಗಳ ಮಾತೋ?’ ಎನ್ನುತ್ತೇನೆ. ಚೆನ್ನಾಗಿ ನಡೆದರೆ ಹೇಗೆ, ಕೆಟ್ಟರೆ ಹೇಗೆ ಎಂದು ಕೇಳುತ್ತೇನೆ. ಕೀಮೋ ತಗೊಂಡರೆ ಎಷ್ಟು ವ್ಯತ್ಯಾಸ, ಬಿಟ್ಟರೆ ಎಷ್ಟು ಅಂತಲೂ. ಪ್ರತಿ ಸ್ಕ್ಯಾನ್ ಆದ ಮೇಲೆ ಮತ್ತೆ ಕೇಳುತ್ತೇನೆ. ಔಷಧಿ ಹಿಡಿಯಿತೋ ಇಲ್ಲವೋ, ಹಗಲಲ್ಲಿ ಎಷ್ಟು ಹೊತ್ತು ಹಾಸಿಗೆಯಲ್ಲೇ ಇರುತ್ತೇನೆ, ಇದರ ಮೇಲೆ ಉತ್ತರ ಬದಲಾಗುತ್ತದೆ. ಇಂಟರ್‌ನೆಟ್‌ನಲ್ಲಿ ಹುಡುಕುವವರಿಗೆ ಒಂದು ಮಾತು. ಐದು ವರ್ಷ ಬದುಕಿದವರ ಲೆಕ್ಕ ಸಿಗಬೇಕಾದರೆ ಅವರಿಗೆ ಕಾಯಿಲೆ ಗೊತ್ತಾಗಿ ಐದು ವರ್ಷವಾದರೂ ಆಗಿರಬೇಕು. ಅಂದರೆ ಅದು ಹಳೆಯ ಔಷಧಿಗಳ ಕಾಲದ ಲೆಕ್ಕ.

ತಿಳಿಯುವುದೇ ಬೇಡ ಎನ್ನುವವರೂ ಇದ್ದಾರೆ. ನನ್ನ ಜೊತೆ ಕೀಮೋಗೆ ಬರುವ ಹಿರಿಯರೊಬ್ಬರು ‘ನನಗೆ ಹೇಳಬೇಡಿ, ಮಗಳಿಗೆ ಹೇಳಿ’ ಎಂದು ಡಾಕ್ಟರಿಗೆ ಎದುರಿಗೇ ಹೇಳಿಬಿಟ್ಟರು. ಅದೂ ಸರಿಯೇ. ತೀರ್ಮಾನ ಅವರದಾಗಿತ್ತು, ಕಾರಿಡಾರಿನಲ್ಲಿ ನಿಂತವರದಲ್ಲ.

ಮುಂದಿನ ಸಲ ಅಂಥ ಲೇಖನ ಬಂದಾಗ ‘ಗಡುವು’ ತೆಗೆದು ‘ಅಂದಾಜು’ ಎಂದು ಹಾಕಿ. ಜಾಗ ಏನೂ ಜಾಸ್ತಿ ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗರೊಬ್ಬರು
(ಹೆಸರು ಪ್ರಕಟಿಸುವುದು ಬೇಡ)